ಹವ್ಯಾಸದ ಬೆಲೆ

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯ ಬದಿಗೆ, ತಗಡಿನ ಮಾಡಿನ ಕೆಳಗೆ ಒಂದು ಕುಲುಮೆ. ಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಕೈಯಾರೆ ಒಂದು ಚಾಕು ಮಾಡಬೇಕೆಂಬ ಹುಚ್ಚು ಹಿಡಿದು, ಒಂದು ರವಿವಾರ ಅಲ್ಲಿ ಹೋಗಿ ನಿಂತೆ.

"ಹವ್ಯಾಸಕ್ಕ ಕಲೀಬೇಕು ಕಾಕಾ," ಎಂದೆ.

ಮುದುಕ ಕಂಬಾರರು ನಕ್ಕರು. "ಬರ್ರಿ ಮಾಸ್ತರ. ಬೆಂಕಿ ಯಾರನ್ನಾದ್ರೂ ಸುಡತದ."

ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕೊಟ್ಟರು. ಅದನ್ನು ಕಾಸಿ, ಬಡಿದು ಚಾಕುವಿನ ಆಕಾರಕ್ಕೆ ತರಲು ನನಗೆ ಮೂರು ರವಿವಾರ ಬೇಕಾದವು. ಹದ ಹಾಕುವ ದಿನ ಅವರು ಎಣ್ಣೆಯ ಡಬ್ಬಿ ಮುಂದಿಟ್ಟು ಆಚೆ ಹೋಗಿದ್ದರು. ಅವಸರದಲ್ಲಿ ನಾನು ಕೆಂಡದಂಥ ಅಲಗನ್ನು ನೀರಿನ ತೊಟ್ಟಿಗೇ ಅದ್ದಿದೆ. 'ಟಣ್' ಎಂದಿತು. ನಡುವೆ ಕೂದಲೆಳೆಯಂಥ ಬಿರುಕು.

"ಕಾಸೂದು ಎಲ್ಲಾರಿಗೂ ಬರತದ. ಆರ್ಸೂದು ಕಲೀಬೇಕ್ರಿ."

ಈ ಉಕ್ಕು ನೀರಿನಲ್ಲಿ ಥಟ್ಟನೆ ತಣಿದರೆ ಸೀಳುತ್ತದೆ; ಎಣ್ಣೆ ಮೆಲ್ಲಗೆ ತಣಿಸುತ್ತದೆ. ಹಾಗೆ ಗಟ್ಟಿಯಾದ ಅಲಗೂ ಗಾಜಿನಂತೆ ಪೆಡಸು. ಸಣ್ಣ ಉರಿಯಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಕಾಸಿದರೇ ಅದು ಬಾಳುತ್ತದೆ.

ಮುಂದಿನ ರವಿವಾರ ಹೊಸ ಪಟ್ಟಿ ಹಿಡಿದೆ. ರೈತನೊಬ್ಬ ಕುಡಗೋಲು ಹಣಿಸಲು ಬಂದ. ಕುಲುಮೆಯಲ್ಲಿ ನನ್ನ ಪಟ್ಟಿ ಇತ್ತು. "ಮಧ್ಯಾಹ್ನ ಬಾರಪಾ," ಎಂದರು ಕಾಕಾ. ಅವನು ಬರಲಿಲ್ಲ.

ಆಗ ನನಗೆ ಹೊಳೆಯಿತು. ಇದ್ದಿಲು ಅವರದು, ಹೊತ್ತು ಅವರದು, ಹೊರಳಿ ಹೋದ ಗಿರಾಕಿಯೂ ಅವರದೇ. ನನ್ನ ಹವ್ಯಾಸ ಅವರ ಹೊಟ್ಟೆಪಾಡಿನ ಮೇಲೆ ಕೂತಿತ್ತು. ಸಂಜೆ ನಾಲ್ಕು ದಿನದ ಕೂಲಿಯನ್ನು ಮುಂದಿಟ್ಟೆ.

"ಕಲಿಯಾಕ ಬಂದವರ ರೊಕ್ಕ ಬ್ಯಾಡ್ರಿ."

"ಇದು ಕಲಿಸಿದ್ದಕ್ಕಲ್ಲ ಕಾಕಾ, ನಿಮ್ಮ ದಗದ ಕೆಡಿಸಿದ್ದಕ್ಕ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಎಣಿಸಿ, ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡರು.

ಮನೆಗೆ ಮರಳುವಾಗ ನನ್ನ ಪಾಠವೇ ನನ್ನನ್ನು ಚುಚ್ಚಿತು. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ತೋಪಿನ ಮೇಲೆ ಅವನ ಹೆಸರಿದೆ. ಉಪ್ಪಲಿ ಬುರುಜಿನ ಮೇಲಿರುವ ಸುಮಾರು 30 ಅಡಿಯ ತೋಪು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಳೆ ತೊಡಿಸಿ ಬೆಸೆದದ್ದು. ಅಷ್ಟು ಕಬ್ಬಿಣವನ್ನು ಕಾಸಿ ಬಡಿದ ಕೈಗಳು ಯಾರವು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ನನ್ನ ಎರಡನೆಯ ಚಾಕು ಈಗ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದೆ, ಹಿಡಿ ತುಸು ಸೊಟ್ಟ. ಈ ಸಲ ಮಕ್ಕಳನ್ನು ಬುರುಜಿಗೆ ಕರೆದೊಯ್ಯುವ ಮೊದಲು ಕಾಕಾನ ಕುಲುಮೆಗೆ ಕರೆದೊಯ್ದೆ. "ಮೊದಲು ಅವರ ಹೆಸರು ಕೇಳಿ ಬರೆದುಕೊಳ್ಳಿ," ಎಂದೆ.