ಅಂಕಿತ ಅಳಿಸಿದ ದಾಸೋಹ



ವಚನಕಾರರು ತಮ್ಮ ವಚನಗಳಲ್ಲಿ ಅಂಕಿತವನ್ನು ಇರಿಸಿರುವುದು ನಮಗೆಲ್ಲ ತಿಳಿದ ವಿಷಯವೇ ಆಗಿದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಅಂಕಿತವು ಕವಿಯು ತನ್ನ ಹೆಸರನ್ನು ಮೆರೆಸಿಕೊಳ್ಳುವ ಮುದ್ರೆಯಲ್ಲ. ಅದು ತಾನು ನಂಬಿದ ದೈವದ ನಾಮ. ಆದರೂ ಆ ಒಂದು ಪದ ಅಲ್ಲಿರುವುದರಿಂದಲೇ ಎಂಟುನೂರು ವರ್ಷಗಳ ತರುವಾಯವೂ ಈ ಮಾತು ಯಾರ ಅನುಭಾವದಿಂದ ಹೊಮ್ಮಿತೆಂದು ನಾವು ಗುರುತಿಸಬಲ್ಲೆವು. ಹೆಸರನ್ನು ಬಯಸದವರೂ ಗುರುತನ್ನು ಬಿಟ್ಟು ಹೋದರು. ಈ ಎರಡರ ನಡುವಣ ಅಂತರವೇನು ಎಂಬುದನ್ನು ನಾನು ಇತ್ತೀಚೆಗೆ ಬಹಳವಾಗಿ ಚಿಂತಿಸಬೇಕಾಯಿತು. ಅದಕ್ಕೆ ಕಾರಣವಾದದ್ದು ನಮ್ಮೂರ ಹುಡುಗನೊಬ್ಬನು ಮಾಡಿದ ಆಟದ ಬಸ್ಸು ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಆ ಹುಡುಗ ಕೇಳಿದ ಪ್ರಶ್ನೆ ನಗುವಂಥದಲ್ಲ.

ನಮ್ಮ ಹಂಗಳವು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯ ಮೇಲಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ಮುಂದೆ ಬಂಡೀಪುರದ ಕಾಡು. 2009ರಿಂದ ಆ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿರ್ಬಂಧವಿರುವುದರಿಂದ, ಹೊತ್ತು ಮುಳುಗಿದ ಮೇಲೆ ಯಾವ ಬಸ್ಸು ದಾಟಿತು, ಯಾವುದು ಬರಬೇಕಾಗಿದೆ ಎಂಬುದು ಇಲ್ಲಿನ ಮನೆಗಳಲ್ಲಿ ನಿತ್ಯದ ಮಾತು. ಇಂಥ ಊರಿನ ಮಕ್ಕಳಿಗೆ ಬಸ್ಸಿನ ಮೇಲೆ ಮೋಹ ಹುಟ್ಟುವುದು ಸಹಜವೇ ಸರಿ.

ಇಂಡೋನೇಷ್ಯಾ ದೇಶದ ಮಾಲಿಯೋ ಎಂಬ ಸಂಸ್ಥೆಯು 2017ರಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಮೊಬೈಲ್ ಆಟವನ್ನು ಹೊರತಂದಿತು. ಆಡುವವನು ಬಸ್ಸಿನ ಚಾಲಕನಾಗಿ ರಸ್ತೆಯಲ್ಲಿ ಸಾಗುವ ಆಟವದು. ಬಸ್ಸಿನ ಮೈಮೇಲಿನ ಬಣ್ಣ, ಬರಹ, ಚಿತ್ರಗಳ ಹೊದಿಕೆಯನ್ನು ಆಡುವವರೇ ಬರೆದು ತೊಡಿಸಬಹುದು. ಇದಕ್ಕೆ ಲಿವರಿ ಎಂದು ಹೆಸರು. ಮುಂದೆ ಬಸ್ಸನ್ನೇ ಹೊಸದಾಗಿ ರೂಪಿಸಿ ಆಟಕ್ಕೆ ಸೇರಿಸುವ ಅವಕಾಶವೂ ದೊರೆಯಿತು. ಹೀಗೆ ಹೊರಗಿನವರು ಮಾಡಿ ಸೇರಿಸುವ ಭಾಗಗಳನ್ನು ಮಾಡ್ ಎನ್ನುತ್ತಾರೆ. ದಕ್ಷಿಣ ಭಾರತದ ಹುಡುಗರು ನಮ್ಮ ಸಾರಿಗೆ ನಿಗಮದ ಕೆಂಪು ಬಸ್ಸನ್ನು, ಕೇರಳದ ಬಸ್ಸನ್ನು, ತಮಿಳುನಾಡಿನ ಬಸ್ಸನ್ನು ಜಾವಾದ ರಸ್ತೆಗಳ ಮೇಲೆ ಓಡಿಸುತ್ತಿರುವುದು ಇಂಥ ಮಾಡ್‌ಗಳ ಬಲದಿಂದ. ಇವನ್ನು ಮಾಡುವವರಲ್ಲಿ ಬಹುಪಾಲು ಜನರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ. ಮಾಡುವ ಸಂತೋಷಕ್ಕೆ ಮಾಡಿ, ಬೇಕಾದವರಿಗೆ ಉಚಿತವಾಗಿ ಹಂಚುತ್ತಾರೆ.

ನಮ್ಮ ಬೀದಿಯ ಆ ಹುಡುಗ ಪಿಯುಸಿ ಓದುತ್ತಿದ್ದಾಗ ಇಂಥದೊಂದು ಬಸ್ಸನ್ನು ಮಾಡಿದ. ಬಸ್ಸಿನ ಮೂಲ ಆಕಾರವನ್ನು ರೂಪಿಸಿದವರು ಬೇರೊಬ್ಬರು. ಅವರಿಗೆ ಬರೆದು ಒಪ್ಪಿಗೆ ಪಡೆದುಕೊಂಡಿದ್ದ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸನ್ನು ನಿಲ್ದಾಣದಲ್ಲಿ ಸುತ್ತಲೂ ನಿಂತು ಚಿತ್ರ ತೆಗೆದು, ಪಟ್ಟೆಯ ಅಗಲ, ಫಲಕದ ಅಕ್ಷರ, ಕಿಟಕಿಯ ಸರಳುಗಳನ್ನೆಲ್ಲ ಒಂದೊಂದಾಗಿ ಬರೆದ. ನಾಲ್ಕು ತಿಂಗಳ ಸಂಜೆಗಳು ಇದಕ್ಕೆ ಸಂದವು. ಕೊನೆಯಲ್ಲಿ ಹಿಂಬದಿಯ ಗಾಜಿನ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ತನ್ನ ಗುರುತನ್ನಿಟ್ಟ. ಜೊತೆಗೆ ಮೂರು ಸಾಲಿನ ಸೂಚನೆ: ಇದು ಉಚಿತ, ಆಕಾರ ರೂಪಿಸಿದವರು ಇಂಥವರು, ಬೇರೆಡೆ ಏರಿಸಬೇಡಿ, ಬೇಕೆನ್ನುವವರಿಗೆ ನನ್ನ ಕೊಂಡಿಯನ್ನೇ ಕೊಡಿ.

ಎರಡು ವಾರ ಕಳೆಯುವುದರೊಳಗೆ ಅದೇ ಬಸ್ಸು ಇನ್ನೊಬ್ಬನ ಹೆಸರಿನಲ್ಲಿ ಕಾಣಿಸಿಕೊಂಡಿತು. ಹಿಂಬದಿಯ ಗಾಜಿನ ಮೇಲೆ ಕಪ್ಪು ಬಳಿಯಲಾಗಿತ್ತು. ಸೂಚನೆಯ ಸಾಲುಗಳಿರಲಿಲ್ಲ. ಪಡೆಯಬೇಕಾದವರು ನಾಲ್ಕೈದು ಜಾಹೀರಾತುಗಳನ್ನು ದಾಟಿ ಹೋಗಬೇಕಿತ್ತು. ಕಡತ ತೆರೆಯುವ ಗುಪ್ತಪದಕ್ಕೆ ಹಣ ಕೇಳಲಾಗುತ್ತಿತ್ತು. ಹುಡುಗ ವಿನಯದಿಂದಲೇ ಬರೆದು ಕೇಳಿದ. ‘ಪುಕ್ಕಟೆ ಹಂಚಿದ್ದಕ್ಕೆ ಒಡೆತನ ಎಲ್ಲಿಂದ ಬಂತು?’ ಎಂಬ ಉತ್ತರ ಬಂದಿತು. ಆ ನಡುವೆ ಬಸ್ಸಿನ ಬಾಗಿಲು ತೆರೆಯುವುದರಲ್ಲಿ ಒಂದು ದೋಷವಿರುವುದು ಗೊತ್ತಾಗಿ ಅವನು ತನ್ನ ಪ್ರತಿಯನ್ನು ಸರಿಪಡಿಸಿದ. ಆದರೆ ಕದ್ದ ಪ್ರತಿ ಹಾಗೆಯೇ ಸುತ್ತುತ್ತಿತ್ತು. ಹಣ ತೆತ್ತವರು ಹೇಗೋ ಮೂಲದವನನ್ನು ಹುಡುಕಿಕೊಂಡು ಬಂದು ಇವನನ್ನೇ ಬಯ್ದರು. ‘ಮೇಷ್ಟ್ರೇ, ಕೊಟ್ಟದ್ದು ತಪ್ಪಾಯಿತೇ?’ ಎಂದು ಅವನು ನನ್ನನ್ನು ಕೇಳಿದ. ಆ ಬಳಿಕ ಅವನು ಮತ್ತೊಂದು ಬಸ್ಸನ್ನು ಮಾಡಲಿಲ್ಲ.

ಈ ಸಂಗತಿಯನ್ನು ನಾನು ಹಿರಿಯ ಭಕ್ತರೊಬ್ಬರಲ್ಲಿ ಪ್ರಸ್ತಾಪಿಸಿದಾಗ ಅವರು ಹೇಳಿದರು: ‘ಕೊಟ್ಟ ಮೇಲೆ ಕೊಟ್ಟೆನೆಂಬ ಭಾವವೂ ಉಳಿಯಬಾರದಲ್ಲವೇ? ಹೆಸರು ಬೇಕೆನ್ನುವುದು ಅಹಂಕಾರ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ದಾಸೋಹದ ಮೂಲಭಾವವೇ ನಾನು ನೀಡುವವನಲ್ಲ, ದಾಸನು ಎಂಬುದು. ಹೆಸರಿಗಾಗಿ ಮಾಡಿದ ದಾಸೋಹ ವ್ಯಾಪಾರವಾಗುತ್ತದೆ. ಆದರೆ ಅಹಂಕಾರವನ್ನು ತೊರೆಯಬೇಕೆಂಬ ಉಪದೇಶವು ಕೊಟ್ಟವನು ತನಗೆ ತಾನೇ ಹೇಳಿಕೊಳ್ಳಬೇಕಾದುದು. ಕಸಿದುಕೊಂಡವನು ಅದನ್ನು ಕೊಟ್ಟವನಿಗೆ ಬೋಧಿಸಿದರೆ ಅದು ಉಪದೇಶವಲ್ಲ, ತನ್ನ ತಪ್ಪಿಗೆ ಹೊದಿಸಿದ ಕಾವಿ.

ದಾಸೋಹದ ಅನ್ನ ಎಲ್ಲರಿಗೂ ಉಚಿತವಾಗಿದೆ. ಉಂಡವನು ಹಣ ಕೊಡಬೇಕಿಲ್ಲ, ಜಾತಿ ಹೇಳಬೇಕಿಲ್ಲ. ಹಾಗೆಂದು ಒಬ್ಬನು ಹಂಡೆಯನ್ನೇ ಹೊತ್ತೊಯ್ದು, ಬೀದಿಯ ತಿರುವಿನಲ್ಲಿ ತನ್ನ ಹೋಟೆಲಿನ ಫಲಕ ತಗುಲಿಸಿ ಮಾರಿದರೆ ಅವನನ್ನು ದಾಸೋಹಿ ಎನ್ನುವೆವೇ? ಗಣಕಯಂತ್ರದ ಕಡತ ಹಂಡೆಯಂತಲ್ಲ, ಎಷ್ಟು ಪ್ರತಿ ತೆಗೆದರೂ ಬರಿದಾಗುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ನಿಜವೇ. ಅನ್ನ ಕಡಿಮೆಯಾಗಲಿಲ್ಲ. ಆದರೆ ನಾಳೆ ಒಲೆ ಹಚ್ಚಬೇಕಾದವನ ಮನಸ್ಸು ಬರಿದಾಯಿತು. ಉಂಡವನಿಗೆ ಅಡಿಗೆಯವನು ಯಾರೆಂದು ತಿಳಿಯಲಿಲ್ಲ. ಉಪ್ಪು ಹೆಚ್ಚಾಗಿದ್ದರೆ ಯಾರಿಗೆ ಹೇಳಬೇಕೆಂದೂ ತಿಳಿಯಲಿಲ್ಲ. ಅಂಕಿತವನ್ನು ಅಳಿಸಿದಾಗ ಕಳೆದುಹೋಗುವುದು ಕೀರ್ತಿಯಲ್ಲ, ಹೊಣೆ. ಆ ಹುಡುಗ ಗಾಜಿನ ಮೂಲೆಯಲ್ಲಿ ಬರೆದದ್ದು ‘ನೋಡಿರಿ ನನ್ನನ್ನು’ ಎಂದಲ್ಲ. ‘ಕೆಟ್ಟರೆ ನನ್ನನ್ನು ಕೇಳಿರಿ’ ಎಂದು.

ಈ ಪ್ರಸಂಗದಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದೆ ಇರಲಾಗದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಚೆಲ್ಲಿದ ಅಕ್ಕಿಗೆ ಯಾರ ಆಕ್ಷೇಪಣೆಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಆದರೂ ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಆ ಹೆಚ್ಚನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಉಚಿತವಾಗಿ ಸಿಗುವುದಕ್ಕೂ ಒಂದು ಮಿತಿಯುಂಟು, ಆ ಮಿತಿಯನ್ನು ಕಾಯಬೇಕಾದವನು ಪಡೆಯುವವನೇ ಎಂಬುದು ಆ ತಾಯಿಯ ನಿಲುವು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಇನ್ನೊಬ್ಬರ ಅಂಕಿತವನ್ನು ಬಳಸಿಕೊಂಡಾಗ ಅವರ ಹೆಸರನ್ನು ಅಳಿಸಲಿಲ್ಲ, ತಮ್ಮದರೊಳಗೆ ಪೋಣಿಸಿಕೊಂಡರು. ಮತ್ತೊಬ್ಬರ ಕೆಲಸದ ಮೇಲೆ ತನ್ನ ಕೆಲಸವನ್ನು ಕಟ್ಟುವವನಿಗೆ ಇದಕ್ಕಿಂತ ಉತ್ತಮವಾದ ಮಾದರಿ ಬೇಕಿಲ್ಲ.

ಒಬ್ಬರು ಮಾಡಿದ್ದನ್ನು ಮತ್ತೊಬ್ಬರು ಮುಟ್ಟಲೇಬಾರದು ಎಂಬುದು ನನ್ನ ವಾದವಲ್ಲ. ಹಾಗಿದ್ದಿದ್ದರೆ ನಮಗೆ ಶೂನ್ಯಸಂಪಾದನೆಯೇ ದೊರೆಯುತ್ತಿರಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು ಜೋಡಿಸಿದ ಆ ಮಹಾಸಂವಾದವನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ನಂತರ ಒಬ್ಬರು ಪರಿಷ್ಕರಿಸಿದರು. ಹೊಸ ಪ್ರಸಂಗಗಳು ಕೂಡಿದವು, ಕ್ರಮ ಬದಲಾಯಿತು. ಆದರೆ ಅಲ್ಲಮರ ಮಾತು ಗುಹೇಶ್ವರನ ಅಂಕಿತದಲ್ಲಿಯೇ ಉಳಿಯಿತು, ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿಯೇ ಉಳಿಯಿತು. ಅಂಕಿತವನ್ನು ಬದಲಿಸುವುದು ನಮ್ಮಲ್ಲಿ ಎಷ್ಟು ಗಂಭೀರವಾದ ವಿಷಯವೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಸಾಕ್ಷಿಯಿದೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚಾದ ಗ್ರಂಥವೊಂದನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಅಷ್ಟು ದೊಡ್ಡ ವಿಷಯದ ಪಕ್ಕದಲ್ಲಿ ಆಟದ ಬಸ್ಸನ್ನು ಇಡುವುದು ಸಲ್ಲದೆಂದು ತೋರಬಹುದು. ವಸ್ತು ಚಿಕ್ಕದಾದರೂ ನೀತಿ ಒಂದೇ.

ಹುಡುಗನಿಗೆ ಆದದ್ದು ಅವನೊಬ್ಬನಿಗೇ ಆದದ್ದಲ್ಲ. 2015ರ ಏಪ್ರಿಲ್ 23ರಂದು ಅಮೆರಿಕದ ವಾಲ್ವ್ ಸಂಸ್ಥೆಯು ‘ಸ್ಕೈರಿಮ್’ ಎಂಬ ಆಟದ ಮಾಡ್‌ಗಳನ್ನು ಹಣಕ್ಕೆ ಮಾರುವ ವ್ಯವಸ್ಥೆಯೊಂದನ್ನು ತೆರೆಯಿತು. ಬೆಲೆಯಲ್ಲಿ ಮಾಡಿದವರ ಪಾಲು ನೂರಕ್ಕೆ 25 ಮಾತ್ರ. ಮಾರಾಟಕ್ಕಿಟ್ಟ ಮೀನು ಹಿಡಿಯುವ ಮಾಡ್ ಒಂದರಲ್ಲಿ ಬೇರೊಬ್ಬರು ಉಚಿತವಾಗಿ ಹಂಚಿದ್ದ ಕೆಲಸ ಸೇರಿದೆಯೆಂಬ ಆಕ್ಷೇಪ ಬಂದು ಅದನ್ನು ಹಿಂತೆಗೆಯಬೇಕಾಯಿತು. ಆಟಗಾರರ ಪ್ರತಿಭಟನೆ ಎಷ್ಟು ಬಲವಾಯಿತೆಂದರೆ ನಾಲ್ಕೇ ದಿನಗಳಲ್ಲಿ, ಏಪ್ರಿಲ್ 27ರಂದು, ಆ ವ್ಯವಸ್ಥೆಯನ್ನೇ ಕೈಬಿಡಲಾಯಿತು. 2022ರಲ್ಲಿ ನಗರ ಕಟ್ಟುವ ‘ಸಿಟೀಸ್: ಸ್ಕೈಲೈನ್ಸ್’ ಆಟದಲ್ಲಿ ಒಬ್ಬನು ಇತರರ ಜನಪ್ರಿಯ ಮಾಡ್‌ಗಳನ್ನು ತಿದ್ದಿ ತನ್ನವಾಗಿ ಏರಿಸಿದ, ಅವುಗಳೊಳಗೆ ಹಾನಿಕರವಾದ ಗುಪ್ತ ಆದೇಶಗಳಿವೆಯೆಂದು ಬಯಲಾಗಿ ಅವನ್ನು ತೆಗೆದುಹಾಕಲಾಯಿತು. ಅಂಕಿತವಿಲ್ಲದ ಪ್ರತಿಯೊಳಗೆ ಏನು ಬೆರೆತಿದೆಯೆಂದು ಪಡೆಯುವವನಿಗೆ ತಿಳಿಯುವ ದಾರಿಯೇ ಇಲ್ಲ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಕಾನೂನು ಇದರ ಬಗ್ಗೆ ಮೌನವಾಗಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಕಲಂ, ಕರ್ತೃವು ತನ್ನ ಕೃತಿಯ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೂ ‘ಇದು ನಾನು ಮಾಡಿದ್ದು’ ಎಂದು ಹೇಳುವ ಅಧಿಕಾರವನ್ನೂ, ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಅಧಿಕಾರವನ್ನೂ ಉಳಿಸುತ್ತದೆ. ಆದರೆ ಇದೇ ನ್ಯಾಯ ಹುಡುಗನನ್ನೂ ಕಟ್ಟುತ್ತದೆ. ಆಟ ಮಾಲಿಯೋದವರದು, ಬಸ್ಸಿನ ಮೇಲಿನ ಲಾಂಛನ ಸಾರಿಗೆ ನಿಗಮದ್ದು. ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಅಕ್ಕಪಕ್ಕ ನಿಲ್ಲುವ ಕರ್ನಾಟಕ, ಕೇರಳಗಳ ಬಸ್ಸುಗಳು ಕೆಎಸ್‌ಆರ್‌ಟಿಸಿ ಎಂಬ ಒಂದೇ ಹೆಸರನ್ನು ಹೊತ್ತಿವೆ. ಆ ಹೆಸರಿಗಾಗಿ ಎರಡು ನಿಗಮಗಳೂ ವರ್ಷಗಟ್ಟಲೆ ವ್ಯಾಜ್ಯವಾಡಿ, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾಗೊಳಿಸಿತು. ದೊಡ್ಡ ನಿಗಮಗಳಿಗೆ ಹೆಸರು ಇಷ್ಟು ಬೆಲೆಯುಳ್ಳದ್ದಾದರೆ ನಾಲ್ಕು ತಿಂಗಳು ದುಡಿದ ಹುಡುಗನಿಗೆ ಏಕಾಗಬಾರದು? ಹಾಗೆಯೇ, ತನ್ನ ಹೆಸರನ್ನು ಉಳಿಸಿ ಎನ್ನುವವನು ತಾನು ಯಾರ್ಯಾರಿಂದ ಪಡೆದೆನೆಂಬುದನ್ನೂ ಹೇಳಬೇಕು. ಆ ಮೂರು ಸಾಲಿನ ಸೂಚನೆಯಲ್ಲಿ ಆಕಾರ ರೂಪಿಸಿದವರ ಹೆಸರಿತ್ತೆಂಬುದೇ ನನಗೆ ಅತ್ಯಂತ ಸಮಾಧಾನ ತಂದ ಸಂಗತಿ.

ಹಂಚುವುದಕ್ಕೆ ಮೊದಲೇ ಒಪ್ಪಿಗೆ ನೀಡಿದವರೂ ಉಂಟು. ಮುಕ್ತ ತಂತ್ರಾಂಶವನ್ನು ಬರೆಯುವವರು, 2003ರಿಂದ ಬೆಳೆದು ಬಂದಿರುವ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು, ‘ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ, ಹಂಚಿರಿ’ ಎಂದೇ ಹೇಳುತ್ತಾರೆ. ಅಷ್ಟು ಉದಾರವಾದ ಆ ಪರವಾನಗಿಗಳೂ ಕೇಳುವುದೊಂದುಂಟು: ಮೂಲವನ್ನು ಮರೆಮಾಡಬೇಡಿ. ಆದುದರಿಂದ ಪ್ರಶ್ನೆ ಉಚಿತವೋ ಅಲ್ಲವೋ ಎಂಬುದಲ್ಲ. ಕೊಟ್ಟವನು ಯಾವ ಮಾತಿನ ಮೇಲೆ ಕೊಟ್ಟನು, ಪಡೆದವನು ಆ ಮಾತನ್ನು ನಡೆಸಿದನೇ ಎಂಬುದು.

ಭಕ್ತರಾದ ನಾವು ಇದನ್ನು ಹುಡುಗರ ಲೋಕದ ಜಗಳವೆಂದು ಬದಿಗಿಡುವಂತಿಲ್ಲ. ಬೆಳಗಾದರೆ ನಮ್ಮ ಮೊಬೈಲುಗಳಲ್ಲಿ ವಚನಗಳು ಹರಿದಾಡುತ್ತವೆ. ಕೆಲವದರ ಅಂಕಿತ ಕತ್ತರಿಸಿಹೋಗಿರುತ್ತದೆ. ಕೆಲವೆಡೆ ಯಾರದೋ ಮಾತಿಗೆ ಬಸವಣ್ಣನವರ ಭಾವಚಿತ್ರ ಅಂಟಿಸಿರುತ್ತಾರೆ. ಯಾರೋ ರಾತ್ರಿಯೆಲ್ಲ ಕುಳಿತು ಬರೆದ ವ್ಯಾಖ್ಯಾನ ಹೆಸರಿಲ್ಲದೆ ನೂರು ಗುಂಪುಗಳನ್ನು ಸುತ್ತುತ್ತದೆ. ಮುಂದಕ್ಕೆ ಕಳುಹಿಸುವ ಮುನ್ನ ಒಂದು ಕ್ಷಣ ತಡೆದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದನ್ನು ಮಾಡಿದವರು ಯಾರು? ಹಂಚಲು ಅವರ ಒಪ್ಪಿಗೆಯಿದೆಯೇ? ನನ್ನ ಕೈಯಿಂದ ಮುಂದೆ ಹೋಗುವಾಗ ಅವರ ಗುರುತು ಉಳಿದಿದೆಯೇ? ನಮ್ಮ ಮನೆಯ ಮಕ್ಕಳು ಯಾವುದಾದರೂ ಆಟದ ಭಾಗವನ್ನು ಪಡೆದುಕೊಳ್ಳುವಾಗಲೂ ಈ ಮೂರನ್ನೇ ಕಲಿಸೋಣ. ಮಾಡಿದವರಿಗೆ ಒಂದು ಧನ್ಯವಾದದ ಸಾಲು ಬರೆಯುವುದನ್ನೂ ಕಲಿಸೋಣ. ಅದಕ್ಕೆ ಖರ್ಚೇನೂ ಇಲ್ಲ.

ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಶರಣರು ಕಲಿಸಿದರು. ಇನ್ನೊಬ್ಬರ ಕಾಯಕವನ್ನು ಕದ್ದು ಮಾಡುವ ಹಂಚಿಕೆಗೆ ಆ ಹೆಸರು ಸಲ್ಲದು. ಕೊಡುವವನು ಹೆಸರನ್ನು ಮರೆಯುವುದು ಅವನ ಹಿರಿಮೆ. ಪಡೆಯುವವನು ಅದನ್ನು ಮರೆಯದಿರುವುದು ಅವನ ಧರ್ಮ.