ಮೂರು ನಿಮಿಷದ ಖಯಾಲು, ಹದಿನೇಳು ನಿಮಿಷದ ಡಿಸ್ಕೊ

ಒಂದು ಹಾಡು ಎಷ್ಟು ಉದ್ದ ಇರಬೇಕು ಅನ್ನುವ ಪ್ರಶ್ನೆಯನ್ನು ಧಾರವಾಡದಲ್ಲಿ ಯಾರ ಮುಂದೆಯೂ ಎತ್ತಬಾರದು. ಎತ್ತಿದರೆ ಮೊದಲ ಚಹಾ ಆರಿ, ಎರಡನೆಯದನ್ನು ತರಿಸಿದರೂ ಉತ್ತರ ಮುಗಿಯುವುದಿಲ್ಲ. ರಾತ್ರಿ ಊಟ ಮಾಡಿ ಕೂತ ಬೈಠಕ್ಕು ಭೈರವಿ ಹಾಡಿ ಏಳುವ ಹೊತ್ತಿಗೆ ಹಾಲಿನವನು ಬಂದಿದ್ದ ಅನ್ನುವ ಕತೆ ಇಲ್ಲಿ ಮನೆಗೊಂದು ಸಿಗುತ್ತದೆ. ಆದರೆ ನಾನು ಈ ಪ್ರಶ್ನೆಗೆ ಬಂದದ್ದು ಡಿಸ್ಕೊ ಕಡೆಯಿಂದ. ಡಿಸ್ಕೊ ಅಂದ ಕೂಡಲೇ ಪುಟ ತಿರುವಬೇಡಿರಿ. ಸ್ವಲ್ಪ ತಡೀರಿ, ಗಂಗೂಬಾಯಿಯವರೂ ಬರುತ್ತಾರೆ.

ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಮದುವೆ, ಮುಂಜಿವೆ, ಗಣಪತಿ ಅಂತ ಡಿಜೆ ಹಚ್ಚುವ ಹುಡುಗ. ಅವನ ಡಬ್ಬಿಗಳು ಹೊಡೆಯುವ ಏಟಿಗೆ ಕಿಟಕಿ ಗಾಜಿನ ಜೊತೆ ನನ್ನ ಎರಡು ಹಲ್ಲೂ ಅಲ್ಲಾಡಿವೆ, ಅದು ಬೇರೆ ಮಾತು. ಅವನು ಒಮ್ಮೆ ಮೊಬೈಲು ನನ್ನ ಮುಂದೆ ಹಿಡಿದು, "ಮಾಮಾ, ಹಾಡು ಒಂದ ಐತಿ, ಉದ್ದ ಮೂರು ನಮೂನಿ ಅದಾವು. ಇದ್ರಾಗ ಖರೇದು ಯಾವ್ದು?" ಅಂದ. ಗ್ಲೋರಿಯಾ ಗೇನರ್ 1978ರಲ್ಲಿ ಹಾಡಿದ 'ಐ ವಿಲ್ ಸರ್ವೈವ್'. ಸಣ್ಣ ತಟ್ಟೆಯದು ಮೂರು ನಿಮಿಷ ಚಿಲ್ಲರೆ, ಆಲ್ಬಮ್ಮಿನದು ಹತ್ತಿರ ಹತ್ತಿರ ಐದು, ಹನ್ನೆರಡು ಇಂಚಿನ ಸಿಂಗಲ್ಲಿನದು ಎಂಟು. ರೇಡಿಯೊದವರಿಗೆ ಸಣ್ಣದು, ಮನೆಯಲ್ಲಿ ಕೂತು ಕೇಳುವವರಿಗೆ ನಡುವಿನದು, ಕುಣಿಯುವವರಿಗೆ ಉದ್ದನೆಯದು. ಮೂರೂ ಖರೇನೇ.

ಈ ಉದ್ದದ ಹುಚ್ಚು ಹಚ್ಚಿದವರಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಮುಖ್ಯ. ಮಾಡೆಲಿಂಗ್ ಮಾಡಿಕೊಂಡಿದ್ದ ಮನುಷ್ಯ. ಫೈರ್ ಐಲ್ಯಾಂಡಿನ ಒಂದು ಕುಣಿತದ ಜಾಗದಲ್ಲಿ ನಿಂತು ನೋಡಿದ: ಮಂದಿಗೆ ಮೈ ಬಿಸಿಯಾಯಿತು ಅನ್ನುವಷ್ಟರಲ್ಲಿ ಮೂರು ನಿಮಿಷದ ಹಾಡು ಮುಗಿದಿರುತ್ತದೆ. ಮುಂದಿನದು ಹತ್ತುವುದರೊಳಗೆ ಅರ್ಧ ಜನ ಹೋಗಿ ಕೂತಿರುತ್ತಾರೆ. ಅದಕ್ಕೆ ಟೇಪಿನ ಮೇಲೆ ಹಾಡುಗಳನ್ನು ಹಿಗ್ಗಿಸಿ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ. ಮುಂದೆ ಸ್ಟುಡಿಯೊದಲ್ಲಿ ಒಂದು ದಿನ ಸಣ್ಣ ಖಾಲಿ ತಟ್ಟೆಗಳು ತೀರಿಹೋಗಿದ್ದವಂತೆ. ಇದ್ದ ದೊಡ್ಡದರ ಮೇಲೆಯೇ ಕೊರೆದರು. ಜಾಗ ಧಾರಾಳ ಸಿಕ್ಕಿತು, ಗೀರುಗಳು ಅಗಲವಾದವು. ಗೀರು ಅಗಲವಾದಷ್ಟೂ ದನಿ ಜೋರು, ಢೋಲಿನ ಪೆಟ್ಟು ಗಟ್ಟಿ. ಸಣ್ಣ ತಟ್ಟೆಯಲ್ಲಿ ಹೆಚ್ಚು ಹೊತ್ತಿನ ಹಾಡು ತುರುಕಿದರೆ ಗೀರು ಕಿರಿದಾಗಿ ದನಿ ಕುಗ್ಗುತ್ತದೆ. 1976ರಲ್ಲಿ ಸಾಲ್‌ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ 'ಟೆನ್ ಪರ್ಸೆಂಟ್' ಹಾಡನ್ನು ಹನ್ನೆರಡು ಇಂಚಿನ ತಟ್ಟೆಯಲ್ಲಿ ಅಂಗಡಿಗೆ ಬಿಟ್ಟಿತು. ಅದನ್ನು ಒಂಬತ್ತು ನಿಮಿಷ ದಾಟಿಸಿದವನು ವಾಲ್ಟರ್ ಗಿಬನ್ಸ್ ಎಂಬ ಡಿಜೆ. ನಮ್ಮ ಹುಡುಗನ ಕುಲಪುರುಷ.

ಅದಕ್ಕೂ ಒಂದು ವರ್ಷ ಮೊದಲು ಡೊನ್ನಾ ಸಮ್ಮರಳ 'ಲವ್ ಟು ಲವ್ ಯು ಬೇಬಿ' ಬಂದಿತ್ತು. ಕಂಪನಿಯ ಯಜಮಾನ ನೀಲ್ ಬೊಗಾರ್ಟ್ ತನ್ನ ಮನೆಯ ಪಾರ್ಟಿಯಲ್ಲಿ ಮಂದಿ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡದ್ದು ನೋಡಿ, ಇದನ್ನು ಉದ್ದ ಮಾಡಿಕೊಡು ಅಂತ ಸಂಗೀತ ಮಾಡಿದ ಜಾರ್ಜಿಯೊ ಮೊರೋಡರನಿಗೆ ಹೇಳಿದ. ಹತ್ತಿರ ಹತ್ತಿರ ಹದಿನೇಳು ನಿಮಿಷವಾಯಿತು, ಎಲ್‌ಪಿಯ ಒಂದು ಮಗ್ಗುಲು ಪೂರ್ತಿ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತಿ ಅದನ್ನು ಎರಡು ಸಲ ಹಚ್ಚಿದರೆ ಧಾರವಾಡ ಕಾಣತೊಡಗುತ್ತದೆ. ಇಯರ್‌ಫೋನ್ ಇಲ್ಲದೆ ಮಾತ್ರ ಹಚ್ಚಬೇಡಿರಿ. ಆಕೆ ಹಾಡುವುದಕ್ಕಿಂತ ನರಳುವುದೇ ಹೆಚ್ಚು.

ನಮ್ಮವರೇನು ಕಡಿಮೆ ಇರಲಿಲ್ಲ. 1974ರಲ್ಲಿ ಜಗತ್ತನ್ನೇ ಕುಣಿಸಿದ 'ಕುಂಗ್ ಫೂ ಫೈಟಿಂಗ್' ಮಾಡಿಸಿದ ಬಿದ್ದು ಬೆಂಗಳೂರಿನಲ್ಲಿ ಬೆಳೆದ ಕೊಡವ. ಇನ್ನೊಂದು ಹಾಡಿನ ಬೆನ್ನಿಗೆ ಇರಲಿ ಅಂತ ಗಡಿಬಿಡಿಯಲ್ಲಿ ಮುಗಿಸಿದ್ದು ಅದು. 1980ರಲ್ಲಿ 'ಕುರ್ಬಾನಿ'ಗೆ ನಾಜಿಯಾ ಹಸನ್‌ಳಿಂದ ಹಾಡಿಸಿದವರೂ ಅವರೇ. ಮರುವರ್ಷ ಶಂಕರನಾಗ್ 'ಗೀತಾ' ತೆಗೆದರು, ಇಳಯರಾಜಾ ಸಂಗೀತ, ಎಸ್‌ಪಿಬಿ ದನಿ. ಆಗಿನ ಕಾಲೇಜು ಗ್ಯಾದರಿಂಗುಗಳಲ್ಲಿ ಆ ಸಿನಿಮಾದ ಹಾಡು ಬಂದರೆ ಪ್ರಿನ್ಸಿಪಾಲರ ಕಾಲೂ ಟೇಬಲ್ಲಿನ ಕೆಳಗೆ ಅಲ್ಲಾಡುತ್ತಿತ್ತು. ಆದರೆ ಉದ್ದನೆಯ ತಟ್ಟೆ ನಮ್ಮ ಅಂಗಡಿಗಳಿಗೆ ಬಂದದ್ದು ಕಡಿಮೆ. ನಮಗಿದ್ದದ್ದು ಕ್ಯಾಸೆಟ್ಟು. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವ ತುಂಬಿಸಿಕೊಡುತ್ತಿದ್ದ. ಮಗ್ಗುಲಿಗೆ ಅರ್ಧ ತಾಸು, ಕೊನೆಯ ಹಾಡು ಎರಡನೆಯ ಚರಣದಲ್ಲಿ ಕಟ್. ನಮ್ಮ ವಾರಿಗೆಯವರಿಗೆ ಎಷ್ಟೋ ಹಾಡುಗಳ ಕೊನೆ ಇವತ್ತಿಗೂ ಬಾಯಿಗೆ ಬರುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಗೇನರಳ 1975ರ ಆಲ್ಬಮ್ಮಿನ ಒಂದು ಮಗ್ಗುಲಲ್ಲಿ ಮೂರು ಹಾಡುಗಳನ್ನು ಮೌಲ್ಟನ್ ಹೊಲಿದು ಹತ್ತೊಂಬತ್ತು ನಿಮಿಷದ ಒಂದೇ ಹರಿವು ಮಾಡಿದ. ಕೇಳಿದ ಆಕೆ, ಇದರಲ್ಲಿ ನಾನು ಹಾಡುವುದು ಭಾಳ ಇಲ್ಲವಲ್ಲ ಅಂದಳಂತೆ. ಮೌಲ್ಟನ್ನೇ ಹೇಳಿಕೊಂಡ ಮಾತು. ಖರೆ ಅದ. ಡಿಸ್ಕೊ ಉದ್ದವಾದದ್ದು ಹಾಡುವವಳು ಮನೆಗೆ ಹೋದ ಮೇಲೆ. ಹೆಚ್ಚಿನ ನಿಮಿಷಗಳೆಲ್ಲ ಢೋಲಿನವನವು, ಬೇಸ್ ಗಿಟಾರಿನವನವು, ಕತ್ತರಿ ಹಿಡಿದವನವು.

ನಮ್ಮ ಊರುಗಳಲ್ಲಿ ಅದರ ಪೂರ್ತಿ ಉಲ್ಟಾ ನಡೆಯಿತು. ಇಲ್ಲಿ ಉದ್ದನೆಯದು ಮೊದಲೇ ಇತ್ತು. ಮೆಶೀನು ಬಂದು ಸಣ್ಣದು ಕೇಳಿತು. ಹತ್ತು ಇಂಚಿನ 78 ವೇಗದ ಪ್ಲೇಟಿನ ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಕಿರಾಣಾದವರ ವಿಲಂಬಿತ ಏಕತಾಲದಲ್ಲಿ ಒಂದು ಆವರ್ತನಕ್ಕೇ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಅಂದರೆ ಮೂರು ಸಲ ತಾಳ ಸುತ್ತಿ ಮೊದಲ ಪೆಟ್ಟಿಗೆ, ಸಮ್ಮಿಗೆ, ಬಂದರೆ ಪ್ಲೇಟು ಖಲಾಸ್. ಹೀಗಿದ್ದರೂ ಒಂದೊಂದೇ ಸ್ವರ ಬಿಡಿಸುವ ಆ ಘರಾಣೆಯ ಅಬ್ದುಲ್ ಕರೀಂ ಖಾನರು ಇವತ್ತು ನಮಗೆ ಉಳಿದಿರುವುದು ಆ ಮೂರು ನಿಮಿಷಗಳಲ್ಲೇ. ಗದಗಿನ ಹುಡುಗ ಭೀಮಸೇನ ಅವರ ಝಿಂಝೋಟಿಯ ಪ್ಲೇಟು ಕೇಳಿ ತಲೆಕೆಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಎಲ್ಲೆಲ್ಲೋ ಅಲೆದು ಕಡೆಗೆ ಗುರು ಸಿಕ್ಕದ್ದು ಇಲ್ಲೇ ಕುಂದಗೋಳದಲ್ಲಿ, ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ.

ಗಂಗೂಬಾಯಿಯವರದು ಇನ್ನೂ ಸ್ವಾರಸ್ಯ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿ, ಹುಬ್ಬಳ್ಳಿಗೆ ಬಂದು ಹುಲಗೂರು ಕೃಷ್ಣಾಚಾರ್ಯರಲ್ಲಿ, ದತ್ತೋಪಂತ ದೇಸಾಯರಲ್ಲಿ ಕಲಿತ ಹುಡುಗಿ 1930ರ ದಶಕದಲ್ಲಿ ಮುಂಬಯಿಯಲ್ಲಿ ಎಚ್‌ಎಂವಿಗೆ ಹಾಡಿದರು. ಪ್ಲೇಟಿನ ಮೇಲಿನ ಹೆಸರು ಗಾಂಧಾರಿ. ಸವಾಯಿ ಗಂಧರ್ವರಲ್ಲಿ ಗಟ್ಟಿಯಾಗಿ ತಾಲೀಮು ಹಿಡಿದು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದು ಆಮೇಲೆ. ಹೆಸರು ಮೊದಲು ಬಂತು, ವಿಲಂಬಿತ ನಂತರ. ನಡುವೆ ಗಂಟಲಿನ ಚಿಕಿತ್ಸೆಯೊಂದಾಗಿ ದನಿಯೇ ಬದಲಾಯಿತು. ಗಾಂಧಾರಿಯ ಎಳೆ ದನಿ ಏರುಶ್ರುತಿಯಲ್ಲಿ ಮಿಂಚುತ್ತದೆ. ಗಂಗೂಬಾಯಿಯವರದು ದೇವಸ್ಥಾನದ ದೊಡ್ಡ ಗಂಟೆ. ಹೇಳದೆ ಕೇಳಿಸಿದರೆ ಇಬ್ಬರೂ ಒಬ್ಬರೇ ಅಂತ ಯಾರೂ ಒಪ್ಪುವುದಿಲ್ಲ.

ಆ ಪ್ಲೇಟುಗಳಲ್ಲಿ ನಡೆಯುವುದೇನು? ಪೀಠಿಕೆಯಿಲ್ಲ, ನೇರ ಮಧ್ಯಲಯದಲ್ಲಿ ಬಂದಿಶ್. ಸ್ಥಾಯಿ ತೋರಿಸಿ, ರಾಗದ ಮುಖ ಕಾಣುವಷ್ಟು ಆಲಾಪ, ಅಂತರಾ, ನಾಲ್ಕು ತಾನು, ಮುಕ್ತಾಯ. ಮಲ್ಲಿಕಾರ್ಜುನ ಮನ್ಸೂರರು ಮೊದಮೊದಲು ಕೊಟ್ಟ ಗೌಡಮಲ್ಹಾರ, ಅಡಾಣಾಗಳಲ್ಲಿ ಒಂದು ಉಸಿರೂ ದಂಡವಾಗಿಲ್ಲ. ಇಲ್ಲಿ ಕತ್ತರಿ ಹಿಡಿದವರು ಯಾರೂ ಇಲ್ಲ. ಏನು ಬಿಡಬೇಕು, ಏನು ಇಡಬೇಕು ಅನ್ನುವುದನ್ನು ಹಾಡುವ ಹೊತ್ತಿನಲ್ಲೇ ಹಾಡುವವರೇ ತೀರ್ಮಾನ ಮಾಡಿದ್ದಾರೆ. ತಪ್ಪಿದರೆ ತಿದ್ದಲು ಟೇಪೂ ಇರಲಿಲ್ಲ. ಪೂರ್ತಿ ಮತ್ತೆ ಹಾಡಬೇಕು.

ಆಮೇಲೆ ಬಿಡುವು ಸಿಕ್ಕಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು, 1952ರಲ್ಲಿ ಒಂದೂವರೆ ತಾಸಿನ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, ಮುಂದೆ ಮಗ್ಗುಲಿಗೆ ಇಪ್ಪತ್ತು ನಿಮಿಷದ ಎಲ್‌ಪಿ. ಬೈಠಕ್ಕಿನ ಅಳತೆಗೆ ಅದೂ ಸಣ್ಣದೇ. ಆದರೂ ನನಗೆ ಎಲ್‌ಪಿ ಖಯಾಲು ಅಷ್ಟು ಹಿಡಿಸುವುದಿಲ್ಲ. ಅದಕ್ಕೆ ಬೈಠಕ್ಕಿನ ಪುರಸೊತ್ತೂ ಇಲ್ಲ, ಪ್ಲೇಟಿನ ಹರಿತವೂ ಇಲ್ಲ.

ಡಿಸ್ಕೊ ಮತ್ತು ರಾಗ ಒಂದೇ ತಟ್ಟೆಯಲ್ಲಿ ಕೂತದ್ದೂ ಉಂಟು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಸಿಂಥಸೈಜರಿನಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹಚ್ಚಿದರು. ಆಗ ಯಾರೂ ಮೂಸಲಿಲ್ಲ. 2010ರಲ್ಲಿ ಹೊರದೇಶದವರು ಅದನ್ನು ಮತ್ತೆ ಹೊರತಂದು, ಆ್ಯಸಿಡ್ ಹೌಸ್ ಎಂಬ ಸಂಗೀತ ಅಮೆರಿಕದಲ್ಲಿ ಹುಟ್ಟುವ ಮೊದಲೇ ಇಲ್ಲಿ ಹುಟ್ಟಿತ್ತೇ ಅಂತ ಬೆರಗಾದರು. ನಾನೂ ಕೇಳಿದೆ. ಮಾಲಕಂಸ ಗುರುತು ಸಿಗುತ್ತದೆ, ಕಾಲೂ ಅಲ್ಲಾಡುತ್ತದೆ, ಸಮ್ಮಿಗೆ ಬಂದಾಗ ತಲೆ ಮಾತ್ರ ತೂಗುವುದಿಲ್ಲ. ಮೆಶೀನು ಎಲ್ಲಿಗೂ ಹೋಗಿರಲಿಲ್ಲ, ಮರಳಿ ಬಂದದ್ದಕ್ಕೆ ಖುಷಿ ಪಡಲಿಕ್ಕೆ.

ಮೊನ್ನೆ ನಮ್ಮ ಹುಡುಗನಿಗೆ ಗಾಂಧಾರಿಯ ಒಂದು ಪ್ಲೇಟು ಕೇಳಿಸಿದೆ. ಡಬ್ಬಿಯ ಹುಡುಗ ಸುಮ್ಮನೆ ಕೂತು ಕೇಳಿದ, ನನಗೇ ಆಶ್ಚರ್ಯ. ಮುಗಿದ ಮೇಲೆ, "ಭಾರಿ ಐತಿ ಮಾಮಾ. ಇದರ ಫುಲ್ ವರ್ಷನ್ ಎಲ್ಲಿ ಸಿಗತೈತಿ?" ಅಂದ. ನೀವೂ ಮೊಬೈಲಿನಲ್ಲಿ ಅದನ್ನು ಹುಡುಕುತ್ತಿದ್ದರೆ ಬಿಟ್ಟುಬಿಡಿರಿ. ಇಲ್ಲ. ಆ ಮೂರು ನಿಮಿಷದ್ದೇ ಫುಲ್ಲು.