ಫುಂಶಾಲ್‌ನ ಮೂರು ದಿನ

ಲಿಸ್ಬನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ಬರುವ ಮೇ ತಿಂಗಳಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾಳೆ. ಅಲ್ಲಿಂದ ಮೂರು ದಿನಗಳ ಮಟ್ಟಿಗೆ ಮದೀರಾ ದ್ವೀಪದ ರಾಜಧಾನಿ ಫುಂಶಾಲ್‌ಗೆ ಹೋಗಿಬರಬೇಕೆಂಬುದು ಅವಳ ಸಂಕಲ್ಪ. ಹೆಸರು ಕೇಳಿದೊಡನೆ ವಾಚಕರು ಮದಿರೆಯನ್ನು ನೆನೆಯಬಾರದು. ಪೋರ್ತುಗೀಸ್ ನುಡಿಯಲ್ಲಿ ಆ ಮಾತಿಗೆ ಕಟ್ಟಿಗೆಯೆಂದು ಅರ್ಥ. ಕಾಡು ದಟ್ಟವಾಗಿದ್ದ ನಡುಗಡ್ಡೆಗೆ ಸಂದ ಹೆಸರದು. ಫುಂಶಾಲ್ ಎಂಬುದು ಅಲ್ಲಿ ತಾನಾಗಿ ಬೆಳೆದಿದ್ದ ಬಡೇಸೋಪಿನಿಂದ ಬಂದಿದೆ. ದ್ವೀಪವು ಮುಂದೆ ದ್ರಾಕ್ಷಾರಸಕ್ಕೇ ಜಗತ್ಪ್ರಸಿದ್ಧವಾಯಿತೆಂಬುದು ಬೇರೆ ಮಾತು. ನಮಗೆ ಅದರ ಗೊಡವೆಯಿಲ್ಲ.

ನಾವು ಮಠದಲ್ಲಿ ಓದಿದವರಾದ ಕಾರಣ ಎಲ್ಲವನ್ನೂ ಮೊದಲು ಹಾಳೆಯ ಮೇಲೆ ಇಳಿಸುವ ರೂಢಿ ಬಿಟ್ಟಿಲ್ಲ. ಮೊದಲ ದಿನಕ್ಕೆ 1508ರಲ್ಲಿ ನಗರದ ಪದವಿ ಪಡೆದ ಹಳೆಯ ಪಟ್ಟಣ, ದ್ವೀಪದ ಮರದಲ್ಲೇ ಮಾಳಿಗೆ ಕಟ್ಟಿದ ಪ್ರಧಾನ ಇಗರ್ಜಿ (ಇಗರ್ಜಿ ಎಂಬ ಮಾತೂ ಪೋರ್ತುಗೀಸರದೇ), 1940ರಲ್ಲಿ ತೆರೆದ ರೈತರ ಮಾರುಕಟ್ಟೆ. ಎರಡನೆಯ ದಿನ ರೋಪ್‌ವೇಯಲ್ಲಿ ಮೋಂಟೆ ಗುಡ್ಡವನ್ನೇರಿ, ದೇಶಭ್ರಷ್ಟನಾಗಿ ಬಂದು 1922ರಲ್ಲಿ ಅಲ್ಲಿಯೇ ತೀರಿಕೊಂಡ ಆಸ್ಟ್ರಿಯಾದ ಕೊನೆಯ ಚಕ್ರವರ್ತಿ ಚಾರ್ಲ್ಸ್‌ನ ಸಮಾಧಿಯ ದರ್ಶನ. ಅಲ್ಲಿಂದ ಇಳಿಯಲು ಬೆತ್ತದ ಬುಟ್ಟಿಯ ಜಾರುಬಂಡಿಯುಂಟು. ಬಿಳಿ ಉಡುಪಿನ ಇಬ್ಬರು ಅದನ್ನು ಸುಮಾರು 2 ಕಿ.ಮೀ. ಇಳಿಜಾರಿನಲ್ಲಿ ಹಿಡಿದು ಓಡಿಸುತ್ತಾರೆ. ಅವರ ಬೂಟಿನ ಅಡಿಯೇ ಬ್ರೇಕು! ಮೂರನೆಯ ದಿನ ಕಾಬೊ ಜಿರಾಂವ್ ಎಂಬ 580 ಮೀಟರ್ ಎತ್ತರದ ಕಡಲ ಬಂಡೆ, ಅದರ ತುದಿಯಲ್ಲಿ ಗಾಜಿನ ಜಗಲಿ.

ಹಾಳೆಯನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆವು. ಅವರು ಸಾವಧಾನವಾಗಿ ಕೇಳಿ, "ಇದರಾಗ ನಂದೊಂದೂ ಇಲ್ಲಲ್ಲರೀ" ಎಂದರು. ಮಗಳು ಫೋನಿನಲ್ಲಿ ಕಳಿಸಿದ ಚಿತ್ರವೊಂದನ್ನು ಮುಂದಿಟ್ಟರು: ಗುಡ್ಡದ ಮಗ್ಗುಲಲ್ಲಿ ಮೊಳದಗಲದ ಕಾಲುವೆ, ಪಕ್ಕದಲ್ಲಿ ಕಾಲುದಾರಿ. "ನಾ ಇದನ್ನ ನೋಡಬೇಕು."

ಅವರ ತವರೂರು ಒಂದು ಕಾಲುವೆಯ ಕೊನೆ ಭಾಗದಲ್ಲಿದೆ. ನೀರಿನ ಪಾಳಿ ಬಂದ ರಾತ್ರಿ ನಮ್ಮ ಮಾವನವರು ಕಂದೀಲು ಹಿಡಿದು ಬದುವಿನ ಮೇಲೆ ಕೂಡುತ್ತಿದ್ದರು. ಬಾಲಕಿಯಾಗಿದ್ದ ಇವರು ಬುತ್ತಿ ಹೊತ್ತು ಜೊತೆಗೆ ಹೋಗುತ್ತಿದ್ದರು. ಮೇಲಿನ ಹೊಲದವರು ತಿರುಗಿಸಿಕೊಂಡು ಮಿಕ್ಕರಲ್ಲವೇ ಕೆಳಗೆ ಹರಿಯುವುದು? ಬೆಳಗಾಗುವವರೆಗೆ ಕಾದು, ಒಣಗಿದ ಕಾಲುವೆಯಲ್ಲೇ ನಡೆದು ಮನೆಗೆ ಬರುತ್ತಿದ್ದರಂತೆ. ಕೊನೆಗೆ ಆ ಹೊಲ ಮಾರಾಟವಾಯಿತೆಂಬುದು ನಮಗೆ ಗೊತ್ತಿತ್ತು. ಕಂದೀಲಿನ ಸಂಗತಿಯನ್ನು ಮದುವೆಯಾದ ನಲವತ್ತು ವರ್ಷಗಳ ಬಳಿಕ ಅಂದೇ ಕೇಳಿದೆವು.

ಆ ಮೇಲೆ ನಾವು ಓದಿದ್ದು ಲೆವಾಡಾಗಳ ಕುರಿತು. ಈ ಕಾಲುವೆಗಳ ಹೆಸರು ಅದು. ದ್ವೀಪದ ಉತ್ತರಕ್ಕೆ ಮಳೆ, ಮಂಜು; ಬಿಸಿಲೂ ಬೇಸಾಯವೂ ಹೆಚ್ಚಾಗಿರುವ ದಕ್ಷಿಣಕ್ಕೆ ನೀರಿನ ಕೊರತೆ. ಹದಿನೈದನೆಯ ಶತಮಾನದಲ್ಲಿ ನೆಲೆಸಿದವರು ಕಬ್ಬು ಬೆಳೆಯಲೆಂದು ನೀರನ್ನು ಗುಡ್ಡಗಳ ಮಗ್ಗುಲಿಗೆ ತಿರುಗಿಸತೊಡಗಿದರು. ಹಗ್ಗಕ್ಕೆ ಜೋತುಬಿದ್ದು ಬಂಡೆ ಕಡಿದರು, ಸುರಂಗ ತೋಡಿದರು. ಜೀವ ತೆತ್ತವರೂ ಉಂಟು. ಇಂದು ಈ ಕಾಲುವೆಗಳ ಒಟ್ಟು ಉದ್ದ 2,000 ಕಿ.ಮೀ.ಗೂ ಮಿಗಿಲು. ಪಾವಟಿಗೆ ಹೊಲಗಳಲ್ಲಿ ಈಗ ಬಾಳೆ, ತರಕಾರಿ. ನೀರು ಬಿಡುವವನಿಗೆ ಲೆವಾಡೇರೊ ಎನ್ನುತ್ತಾರೆ. ನಮ್ಮ ಕೆರೆಗಳ ನೀರಗಂಟಿಯೇ ಸರಿ. ಹೊಲಕ್ಕಿಷ್ಟು ಹೊತ್ತೆಂದು ಗೊತ್ತುಮಾಡಿ ಹಗಲಿರುಳೆನ್ನದೆ ತೂಬು ತಿರುಗಿಸುವುದು ಅವನ ಕೆಲಸ. ಕಾಲುವೆಯ ದುರಸ್ತಿಗೆಂದು ಮಾಡಿದ ಕಾಲುದಾರಿಯೇ ಇಂದು ಪ್ರವಾಸಿಗಳ ದಾರಿ.

ಹಾಳೆಯನ್ನು ಹರಿದು ಹೊಸದಾಗಿ ಬರೆದಿದ್ದೇವೆ. ಗಾಜಿನ ಜಗಲಿ ಹೋಯಿತು. ಮೊದಲ ದಿನವೇ ರಿಬೇರೊ ಫ್ರಿಯೊ ಎಂಬಲ್ಲಿಂದ ಬಾಲ್ಕೋಯಿಶ್ ದಾರಿ. ಹೋಗಿಬರಲು ಸುಮಾರು 3 ಕಿ.ಮೀ., ಬಹುತೇಕ ಸಮತಟ್ಟು, ನಮ್ಮ ಮೊಣಕಾಲಿಗೂ ಸಾಧ್ಯ. ಸುತ್ತಲೂ 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿದ ಕಾಡು. ಮಂಜನ್ನು ಎಲೆಗಳಲ್ಲಿ ಹಿಡಿದು ನೆಲಕ್ಕಿಳಿಸುವ ಮರಗಳು. ಕಲ್ಲು ಕುಸಿದು ದಾರಿ ಮುಚ್ಚುವುದುಂಟಾದ್ದರಿಂದ ಹಿಂದಿನ ಸಂಜೆಯೇ ವಿಚಾರಿಸಬೇಕು. ಮಳೆಯಂಗಿ ಬೇಕೇ ಬೇಕು. ಅಲ್ಲಿಯ ವಿಮಾನಗಳು ಬಲವಾದ ಗಾಳಿಗೆ ಇಳಿಯಲಾಗದೆ ಬೇರೆಡೆಗೆ ತಿರುಗುವುದುಂಟು; ಆದಕಾರಣ ಲಿಸ್ಬನ್‌ನಿಂದ ಊರಿಗೆ ಹೊರಡುವ ಮುನ್ನ ಎರಡು ದಿನ ಬಿಡುವಿಟ್ಟುಕೊಂಡಿದ್ದೇವೆ. ಊಟದ ಚಿಂತೆಯಿಲ್ಲ: ಗೆಣಸು ಬೆರೆಸಿದ ಗೋಧಿ ರೊಟ್ಟಿ, ಬೆಳ್ಳುಳ್ಳಿ ಬೆಣ್ಣೆ, ಆ ನೆಲದ ಬಾಳೆಹಣ್ಣು.

ನಮ್ಮ ಮನೆಯವರು ಹೊಸ ಕ್ಯಾನ್ವಾಸ್ ಬೂಟು ತೊಟ್ಟು ದಿನಾ ಸಂಜೆ ಬಸ್ ನಿಲ್ದಾಣದವರೆಗೆ ನಡೆದು ಬರುತ್ತಿದ್ದಾರೆ. ನಮ್ಮ ಬೂಟು ಇನ್ನೂ ಡಬ್ಬಿಯಲ್ಲಿಯೇ ಇದೆ.